ದೀಪ ಹಿಡಿದ ಮಹಿಳೆ ಮತ್ತು ನೂರಕ್ಕೆ ತೊಂಬತ್ತು ಸಾವಿನ ಲೆಕ್ಕ

ಮೇ ತಿಂಗಳು ಬಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಚಿತ್ರ ತಪ್ಪದೆ ಓಡಾಡುತ್ತದೆ. ಬಿಳಿ ಟೋಪಿ ಹಾಕಿದ ಮಹಿಳೆ, ಕೈಯಲ್ಲಿ ದೀಪ, ಸುತ್ತ ಮಲಗಿದ ಗಾಯಾಳು ಸೈನಿಕರು. ಕೆಳಗೆ ವಿಶ್ವ ದಾದಿಯರ ದಿನದ ಶುಭಾಶಯ. ಅದರ ಜೊತೆಗೆ ಒಂದು ಅಂಕಿ: ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಸೇವೆಯಿಂದ ಯುದ್ಧದ ಆಸ್ಪತ್ರೆಯಲ್ಲಿ ಶೇ. 42ರಷ್ಟಿದ್ದ ಸಾವಿನ ಪ್ರಮಾಣವನ್ನು ಕೆಲವೇ ತಿಂಗಳಲ್ಲಿ ಶೇ. 2ಕ್ಕೆ ಇಳಿಸಿದರು.

ಓದಿದ ತಕ್ಷಣ ಕೈ ಫಾರ್ವರ್ಡ್ ಬಟನ್ ಕಡೆ ಹೋಗುತ್ತದೆ. ಒಳ್ಳೆಯ ವಿಷಯ, ಒಳ್ಳೆಯ ಮನುಷ್ಯರು, ಅಂಕಿಯೂ ಇದೆ. ಇನ್ನೇನು ಬೇಕು?

ನಾವು ಈ ಅಂಕಿಯ ಬೆನ್ನು ಹತ್ತಿದೆವು. ಅಂಕಿ ಕಟ್ಟುಕಥೆಯಲ್ಲ, ನೂರಕ್ಕೂ ಹೆಚ್ಚು ವರ್ಷಗಳಿಂದ ಪುಸ್ತಕಗಳಲ್ಲಿದೆ. ಆದರೆ ಅದಕ್ಕೆ ಅಂಟಿಸಿರುವ ಕಾರಣ ಪೂರ್ತಿ ಸರಿಯಲ್ಲ. ಹುಡುಕುತ್ತಾ ಹೋದಂತೆ ಇನ್ನೊಂದು ವಿಷಯ ಗೊತ್ತಾಯಿತು. ನೈಟಿಂಗೇಲ್ ದೀಪ ಹಿಡಿದು ಓಡಾಡಿದ್ದು ಎರಡು ವರ್ಷಕ್ಕಿಂತ ಕಡಿಮೆ. ಅಂಕಿಸಂಖ್ಯೆಗಳ ಜೊತೆ ಕೂತಿದ್ದು ಅದರ ಹತ್ತಾರು ಪಟ್ಟು ಹೆಚ್ಚು. ಸುಳ್ಳು ನಂಬಿಕೆಗಳನ್ನು ಲೆಕ್ಕದಿಂದಲೇ ಒಡೆದ ಅವರು, ಒಮ್ಮೆ ತಾವೇ ಒಂದು ದಾರಿ ತಪ್ಪಿಸುವ ಅಂಕಿಯನ್ನು ಅಚ್ಚು ಹಾಕಿಸಿದರು. ಪತ್ರಿಕೆಯಲ್ಲಿ, ಟಿವಿಯಲ್ಲಿ, ಮೊಬೈಲಿನಲ್ಲಿ ದಿನವೂ ಶೇಕಡಾವಾರು ಲೆಕ್ಕ ನೋಡುವ ನಮಗೆಲ್ಲ ಈ ಎರಡೂ ಕಥೆಗಳು ಬೇಕು.

ಲೆಕ್ಕ ಇಷ್ಟಪಟ್ಟ ಹುಡುಗಿ

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಒಂದು ಶ್ರೀಮಂತ ಇಂಗ್ಲಿಷ್ ಕುಟುಂಬಕ್ಕೆ ಎರಡನೆಯ ಹೆಣ್ಣುಮಗು ಹುಟ್ಟಿತು. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಇಂಗ್ಲೆಂಡಿನಲ್ಲಿ ಅವರಿಗೆ ಎರಡು ದೊಡ್ಡ ಮನೆಗಳಿದ್ದವು. ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳದ ಕಾಲ ಅದು. ತಂದೆ ವಿಲಿಯಂ ನೈಟಿಂಗೇಲ್ ಇಬ್ಬರು ಮಕ್ಕಳಿಗೂ ತಾವೇ ಮನೆಯಲ್ಲಿ ಲ್ಯಾಟಿನ್, ಗ್ರೀಕ್, ಇತಿಹಾಸ ಕಲಿಸಿದರು. ಚಿಕ್ಕವಳಿಗೆ ಗಣಿತದ ಹುಚ್ಚು. ಮನೆಯವರಿಗೆ ಅದು ಹೆಣ್ಣುಮಗಳಿಗೆ ಯಾಕೆ ಬೇಕು ಎಂಬ ಅನುಮಾನ.

ಅದಕ್ಕಿಂತ ದೊಡ್ಡ ಜಗಳ ನರ್ಸಿಂಗ್ ವಿಷಯದಲ್ಲಿ ಆಯಿತು. ಆಗಿನ ಆಸ್ಪತ್ರೆಯ ದಾದಿಯರ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ದೊಡ್ಡ ಮನೆಯ ಹುಡುಗಿ ಆ ಕೆಲಸಕ್ಕೆ ಹೋಗುವುದೆಂದರೆ ಅವಮಾನ ಎಂದು ತಾಯಿ ಮತ್ತು ಅಕ್ಕ ಪಟ್ಟು ಹಿಡಿದರು. ವರ್ಷಗಟ್ಟಲೆ ಈ ಹಗ್ಗಜಗ್ಗಾಟ ನಡೆಯಿತು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳ ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದರು. ಆಗ ವಯಸ್ಸು 33.

ಪತ್ರಿಕೆಯ ವರದಿ, ಸರ್ಕಾರದ ಗಡಿಬಿಡಿ

1854ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಟರ್ಕಿಯ ಪರವಾಗಿ ರಷ್ಯಾ ವಿರುದ್ಧ ಯುದ್ಧಕ್ಕೆ ಇಳಿದವು. ಕಪ್ಪು ಸಮುದ್ರದ ಕ್ರಿಮಿಯಾ ಪ್ರದೇಶದಲ್ಲಿ ನಡೆದ ಇದೇ ಕ್ರಿಮಿಯಾ ಯುದ್ಧ. ಗಾಯಗೊಂಡ, ಕಾಯಿಲೆ ಬಿದ್ದ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಸಮುದ್ರ ದಾಟಿಸಿ ಸ್ಕುಟಾರಿಗೆ ತರುತ್ತಿದ್ದರು. ಇಂದಿನ ಇಸ್ತಾಂಬುಲ್ ನಗರದ ಉಸ್ಕುದಾರ್ ಎಂಬ ಭಾಗವೇ ಆ ಸ್ಕುಟಾರಿ. ಅಲ್ಲಿ ಟರ್ಕಿ ಸೇನೆಯ ಬ್ಯಾರಕ್ಕನ್ನೇ ಆಸ್ಪತ್ರೆ ಮಾಡಿದ್ದರು.

ಅಲ್ಲಿನ ದುರವಸ್ಥೆಯನ್ನು ಲಂಡನ್ನಿನ ಟೈಮ್ಸ್ ಪತ್ರಿಕೆ ಬರೆಯಿತು. ಓದಿದ ಜನ ಸಿಟ್ಟಾದರು. ಯುದ್ಧ ಇಲಾಖೆಯ ಸಚಿವ ಸಿಡ್ನಿ ಹರ್ಬರ್ಟ್ ತಮಗೆ ಮೊದಲೇ ಪರಿಚಯವಿದ್ದ ನೈಟಿಂಗೇಲ್‌ಗೆ ಪತ್ರ ಬರೆದು, ದಾದಿಯರ ತಂಡ ಕಟ್ಟಿಕೊಂಡು ಹೋಗುವಂತೆ ಕೇಳಿಕೊಂಡರು. 38 ಮಹಿಳೆಯರ ತಂಡದೊಂದಿಗೆ ಅವರು 1854ರ ನವೆಂಬರ್ 4ರಂದು ಸ್ಕುಟಾರಿ ತಲುಪಿದರು.

ಅಲ್ಲಿ ಹಾಸಿಗೆ ಸಾಲದು, ಬಟ್ಟೆ ಸಾಲದು, ಅಡುಗೆಗೆ ಪಾತ್ರೆಯಿಲ್ಲ. ಸೈನಿಕರು ನೆಲದ ಮೇಲೆ ಸಾಲುಗಟ್ಟಿ ಮಲಗಿದ್ದರು. ನೈಟಿಂಗೇಲ್ ಟೈಮ್ಸ್ ಓದುಗರು ಕೊಟ್ಟ ನಿಧಿಯಿಂದ ಸಾಮಾನು ತರಿಸಿದರು, ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ ಸರಿಮಾಡಿದರು, ಮನೆಯವರಿಗೆ ಸೈನಿಕರ ಪರವಾಗಿ ಪತ್ರ ಬರೆದರು. ರಾತ್ರಿ ಹೊತ್ತು ಲಾಟೀನು ಹಿಡಿದು ವಾರ್ಡ್ ಸುತ್ತುತ್ತಿದ್ದರು. ಅದು ಚಿತ್ರಗಳಲ್ಲಿ ಕಾಣುವ ಅಲಾವುದ್ದೀನನ ದೀಪದಂಥದ್ದಲ್ಲ, ಮಡಚಬಹುದಾದ ಟರ್ಕಿಯ ಲಾಟೀನು.

1855ರ ಫೆಬ್ರವರಿ 24ರಂದು ಲಂಡನ್ನಿನ ಒಂದು ಸಚಿತ್ರ ವಾರಪತ್ರಿಕೆ ದೀಪ ಹಿಡಿದ ನೈಟಿಂಗೇಲ್ ಚಿತ್ರ ಅಚ್ಚು ಹಾಕಿತು. ಮನೆಮನೆಯಲ್ಲೂ ಅವರ ಹೆಸರಾಯಿತು. ಆದರೆ ಆ ಆಸ್ಪತ್ರೆಯಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚಿದ್ದದ್ದು ಅದೇ ಫೆಬ್ರವರಿಯಲ್ಲಿ. ಫಾರ್ವರ್ಡ್‌ನಲ್ಲಿ ಬರುವ ಶೇ. 42 ಎಂಬುದು ಆ ತಿಂಗಳ ಅಂಕಿ. ಅಂದರೆ ನೈಟಿಂಗೇಲ್ ಬಂದು ನಾಲ್ಕನೇ ತಿಂಗಳು ನಡೆಯುತ್ತಿದ್ದಾಗ ಸಾವು ಇಳಿದಿರಲಿಲ್ಲ, ಏರಿತ್ತು.

42ರಿಂದ 2ಕ್ಕೆ ಇಳಿಸಿದ್ದು ಯಾರು?

ಮಾರ್ಚ್ ತಿಂಗಳಲ್ಲಿ ಲಂಡನ್ನಿನಿಂದ ಇನ್ನೊಂದು ತಂಡ ಬಂತು. ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಅದು. ಅದರಲ್ಲಿ ವೈದ್ಯ ಜಾನ್ ಸದರ್ಲೆಂಡ್, ಎಂಜಿನಿಯರ್ ರಾಬರ್ಟ್ ರಾಲಿನ್‌ಸನ್ ಮುಂತಾದವರಿದ್ದರು. ಅವರು ರೋಗಿಗಳಿಗಿಂತ ಮೊದಲು ಕಟ್ಟಡವನ್ನು ನೋಡಿದರು. ಆಸ್ಪತ್ರೆಯ ಅಡಿಯಲ್ಲಿ ಚರಂಡಿಗಳು ಕಟ್ಟಿಕೊಂಡಿದ್ದವು. ಕುಡಿಯುವ ನೀರು ಬರುವ ಕಾಲುವೆಯಲ್ಲಿ ಕುದುರೆಯೊಂದು ಸತ್ತು ಕೊಳೆಯುತ್ತಿತ್ತು. ಅವರು ಚರಂಡಿ ತೊಳೆಸಿದರು, ನೂರಾರು ಗಾಡಿ ಕಸ ಹೊರಗೆ ಹಾಕಿಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿಯಾಡಲು ದಾರಿ ಮಾಡಿದರು. ಸಾವು ಇಳಿಯತೊಡಗಿತು. ಜೂನ್ ಹೊತ್ತಿಗೆ ಶೇ. 2ರ ಆಸುಪಾಸಿಗೆ ಬಂತು.

ಇದೇ ಹೊತ್ತಿಗೆ ಚಳಿಗಾಲ ಕಳೆದಿತ್ತು. ಆಸ್ಪತ್ರೆಗೆ ಬರುವ ರೋಗಿಗಳ ಸಂಖ್ಯೆ ಕಡಿಮೆಯಾಗಿ ನೂಕುನುಗ್ಗಲು ತಗ್ಗಿತ್ತು. ರಣರಂಗದಲ್ಲಿದ್ದವರಿಗೂ ಊಟ, ಬಟ್ಟೆ ಸರಿಯಾಗಿ ಸಿಗತೊಡಗಿತ್ತು. ಹೀಗಾಗಿ ಇಳಿಕೆಯ ಪೂರ್ತಿ ಶ್ರೇಯ ಆಯೋಗಕ್ಕೂ ಹೋಗುವುದಿಲ್ಲ. ನರ್ಸಿಂಗ್, ಚರಂಡಿ, ಹವೆ, ಆಹಾರ ಎಲ್ಲವೂ ಕೂಡಿ ಬದಲಾದ ತಿಂಗಳುಗಳವು.

ಎರಡು ಅಂಕಿ ಕೊಟ್ಟು ನಡುವೆ ಒಬ್ಬರ ಹೆಸರು ಬರೆದರೆ ಓದುಗನ ತಲೆ ತಾನಾಗಿಯೇ ಆ ಹೆಸರನ್ನು ಕಾರಣ ಮಾಡಿಕೊಳ್ಳುತ್ತದೆ. ಯೋಜನೆ ಬಂದ ಮೇಲೆ ಇಷ್ಟು ಇಳಿಯಿತು, ಅಧಿಕಾರಿ ಬಂದ ಮೇಲೆ ಅಷ್ಟು ಏರಿತು ಎನ್ನುವ ಸುದ್ದಿಗಳೆಲ್ಲ ಇದೇ ಅಚ್ಚಿನವು. ಮೊದಲು ಮತ್ತು ನಂತರದ ಅಂಕಿ ಎರಡೂ ನಿಜವಿರಬಹುದು. ನಡುವೆ ಬೇರೆ ಏನೇನು ಬದಲಾಯಿತು ಎಂದು ಕೇಳುವ ತನಕ ಕಾರಣ ಗೊತ್ತಾಗುವುದಿಲ್ಲ.

ತಮ್ಮ ಅಭಿಪ್ರಾಯವನ್ನೇ ಲೆಕ್ಕಕ್ಕೆ ಒಡ್ಡಿದರು

1856ರ ಬೇಸಿಗೆಯಲ್ಲಿ ನೈಟಿಂಗೇಲ್ ಸುಳ್ಳು ಹೆಸರಿನಲ್ಲಿ, ಸ್ವಾಗತ ಮೆರವಣಿಗೆ ಯಾವುದೂ ಬೇಡವೆಂದು, ಗುಟ್ಟಾಗಿ ಊರಿಗೆ ಮರಳಿದರು. ಇಷ್ಟೊಂದು ಸೈನಿಕರು ಸತ್ತದ್ದು ಯಾಕೆ ಎಂಬ ಪ್ರಶ್ನೆಗೆ ಆಗ ಅವರ ಬಳಿ ಒಂದು ಉತ್ತರವಿತ್ತು: ಹಸಿವು, ಅತಿಯಾದ ದುಡಿತ, ತೀರಾ ತಡವಾಗಿ ಆಸ್ಪತ್ರೆಗೆ ಕಳಿಸಿದ್ದು.

ಆಗ ಅವರಿಗೆ ಡಾ. ವಿಲಿಯಂ ಫಾರ್ ಪರಿಚಯವಾಯಿತು. ಇಂಗ್ಲೆಂಡಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದವರು ಅವರು. ಇಬ್ಬರೂ ಸೇರಿ ಸೇನೆಯ ದಾಖಲೆಗಳನ್ನು ತಿಂಗಳುವಾರು ಬಿಡಿಸಿದರು. ನೈಟಿಂಗೇಲ್ ಒತ್ತಾಯದಿಂದ 1857ರಲ್ಲಿ ಸೇನೆಯ ಆರೋಗ್ಯದ ಬಗ್ಗೆ ರಾಯಲ್ ಕಮಿಷನ್ ಕೂಡ ರಚನೆಯಾಯಿತು.

ಕೋಷ್ಟಕ ಬೇರೆಯೇ ಕಥೆ ಹೇಳಿತು. ರಣರಂಗದ ಹತ್ತಿರದ ಆಸ್ಪತ್ರೆಗಳಿಗಿಂತ ದೂರದ ಸ್ಕುಟಾರಿಯಲ್ಲೇ ಸಾವು ಹೆಚ್ಚು. ಹಸಿವೊಂದೇ ಕಾರಣವಾಗಿದ್ದರೆ ಹೀಗಾಗಬಾರದು. ತುಂಬಿ ತುಳುಕುವ ವಾರ್ಡು, ಕಟ್ಟಿದ ಚರಂಡಿ, ಕೆಟ್ಟ ಗಾಳಿಯೇ ರೋಗಿಗಳನ್ನು ಕೊಂದಿದ್ದವು. ತಾವು ದೀಪ ಹಿಡಿದು ಓಡಾಡಿದ ಆಸ್ಪತ್ರೆಯೇ ಅತಿ ಅಪಾಯದ ಜಾಗಗಳಲ್ಲಿ ಒಂದಾಗಿತ್ತು ಎಂದರೆ ಒಪ್ಪಿಕೊಳ್ಳುವುದು ಸುಲಭವಲ್ಲ. 1857ರ ಆಗಸ್ಟ್‌ನಲ್ಲಿ ಅವರು ಕುಸಿದು ಹಾಸಿಗೆ ಹಿಡಿದರು. ಈ ಸತ್ಯವೇ ಅವರನ್ನು ಕುಗ್ಗಿಸಿತು ಎಂದು ಕೆಲವು ಇತಿಹಾಸಕಾರರ ವಾದ, ಕ್ರಿಮಿಯಾದಲ್ಲಿ ಅಂಟಿದ ಸೋಂಕೇ ಕಾರಣ ಎಂದು ಇನ್ನು ಕೆಲವರದು. ಏನೇ ಇರಲಿ, ಅವರು ಹಳೆಯ ಅಭಿಪ್ರಾಯ ಬಿಟ್ಟು ಹೊಸ ಲೆಕ್ಕವನ್ನು ಒಪ್ಪಿಕೊಂಡರು. ಮುಂದಿನ ಎಲ್ಲ ಕೆಲಸವನ್ನೂ ಅದರ ಮೇಲೆ ಕಟ್ಟಿದರು.

ಒಂದು ಮಾತು ಇಲ್ಲೇ ಹೇಳಿಬಿಡೋಣ. ರೋಗಾಣುಗಳ ವಿಷಯ ಆಗಿನ್ನೂ ಯಾರಿಗೂ ಸ್ಪಷ್ಟವಿರಲಿಲ್ಲ. ಕೊಳೆತ ವಸ್ತುವಿನಿಂದ ಏಳುವ ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂದು ನೈಟಿಂಗೇಲ್ ಕೂಡ ನಂಬಿದ್ದರು. ಕಾರಣದ ವಿವರ ತಪ್ಪಿತ್ತು, ಆದರೆ ಕೊಳೆ ಹೋದರೆ ಸಾವು ಇಳಿಯುತ್ತದೆ ಎಂಬುದು ಸರಿಯಿತ್ತು.

ಸಾವಿರಕ್ಕೆ 1,174 ಸಾವು, ಅದು ಹೇಗೆ?

ಅವರ ಕೋಷ್ಟಕದಿಂದ ಒಂದೇ ಒಂದು ಸಾಲು ನೋಡೋಣ. 1855ರ ಜನವರಿ. ಕ್ರಿಮಿಯಾ ಯುದ್ಧದಲ್ಲಿದ್ದ ಬ್ರಿಟಿಷ್ ಸೇನೆಯ ಸರಾಸರಿ ಬಲ 32,393. ಆ ತಿಂಗಳು ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು 2,761. ಗಾಯದಿಂದ ಸತ್ತವರು 83. ಇತರ ಕಾರಣಗಳಿಂದ 324. ಒಟ್ಟು 3,168.

ಗಾಯಕ್ಕೆ ಬಲಿಯಾದ ಒಬ್ಬನಿಗೆ ರೋಗಕ್ಕೆ ಬಲಿಯಾದವರು 33 ಮಂದಿ. ಶತ್ರು ರಷ್ಯನ್ ಸೈನಿಕನಲ್ಲ, ಚರಂಡಿ ಎಂದು ಹೇಳಲು ಇದಕ್ಕಿಂತ ಪುರಾವೆ ಬೇಕಿಲ್ಲ.

ಈಗ ಅದೇ ಒಟ್ಟು ಸಾವನ್ನು ಮೂರು ರೀತಿ ಹೇಳಬಹುದು. ಒಂದು ತಿಂಗಳಲ್ಲಿ 3,168 ಸಾವು. ಒಂದು ತಿಂಗಳಲ್ಲಿ ಸಾವಿರಕ್ಕೆ ಸುಮಾರು 98 ಸಾವು. ವಾರ್ಷಿಕ ದರದಲ್ಲಿ ಸಾವಿರಕ್ಕೆ 1,174 ಸಾವು. ಮೂರೂ ಸರಿ. ಮೂರನೆಯದನ್ನು ಓದಿದವರು ಬೆಚ್ಚಿಬೀಳುತ್ತಾರೆ. ಸಾವಿರ ಜನರಲ್ಲಿ 1,174 ಜನ ಸಾಯುವುದು ಹೇಗೆ?

ತಿಂಗಳ ದರವನ್ನು 12ರಿಂದ ಗುಣಿಸಿದಾಗ ಬರುವ ಅಂಕಿ ಅದು. ಅದರ ಅರ್ಥ ಇಷ್ಟೇ: ಜನವರಿಯ ವೇಗದಲ್ಲೇ ಸಾವು ವರ್ಷವಿಡೀ ಮುಂದುವರಿದರೆ, ಹೊಸ ಸೈನಿಕರನ್ನು ತುಂಬದೆ ಹೋದರೆ ಸೇನೆ ವರ್ಷ ಮುಗಿಯುವ ಮೊದಲೇ ನಾಮಾವಶೇಷ. ನೈಟಿಂಗೇಲ್ ತಮ್ಮ ಚಿತ್ರಗಳಲ್ಲಿ ಈ ವಾರ್ಷಿಕ ದರವನ್ನೇ ಬಳಸಿದರು, ಹಾಗೆಂದು ಸ್ಪಷ್ಟವಾಗಿ ಬರೆದರು ಕೂಡ. ಎಲ್ಲ ತಿಂಗಳನ್ನೂ ಒಂದೇ ಅಳತೆಗೋಲಿನಲ್ಲಿ ನೋಡಲು, ಬ್ರಿಟನ್ನಿನ ನಗರಗಳ ವಾರ್ಷಿಕ ಸಾವಿನ ದರದ ಜೊತೆ ಹೋಲಿಸಲು ಅದು ಬೇಕಿತ್ತು. ಆದರೆ ವಾರ್ಷಿಕ ದರ ಎಂಬ ಎರಡು ಪದ ಬಿಟ್ಟು ಅಂಕಿಯನ್ನಷ್ಟೇ ಎತ್ತಿ ಹಂಚಿದರೆ? ಅದೇ ಲೆಕ್ಕ ವದಂತಿಯಾಗುತ್ತದೆ.

ಚಿತ್ರವೂ ಸುಳ್ಳು ಹೇಳಬಲ್ಲದು

ಮಂತ್ರಿಗಳು ಕೋಷ್ಟಕ ಓದುವುದಿಲ್ಲ ಎಂದು ನೈಟಿಂಗೇಲ್‌ಗೆ ಗೊತ್ತಿತ್ತು. ಹಾಗಾಗಿ 12 ತಿಂಗಳನ್ನು ಗಡಿಯಾರದ ಹಾಗೆ ವೃತ್ತದಲ್ಲಿಟ್ಟು ಬಣ್ಣದ ಚಿತ್ರ ಮಾಡಿಸಿದರು. ನೀಲಿ ಬಣ್ಣ ತಡೆಯಬಹುದಾದ ರೋಗಗಳಿಗೆ, ಕೆಂಪು ಗಾಯಕ್ಕೆ, ಕಪ್ಪು ಇತರ ಕಾರಣಕ್ಕೆ. ದಳಗಳು ಅರಳಿದ ಹೂವಿನಂತೆ ಕಾಣುವ ಈ ಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ನೀಲಿ ಎಷ್ಟು ಹರಡಿದೆ, ಕೆಂಪು ಎಷ್ಟು ಚಿಕ್ಕದಿದೆ ಎಂಬುದು ಓದು ಬಾರದವರಿಗೂ ತಿಳಿಯುತ್ತದೆ.

ಆದರೆ ಮೊದಲು ಮಾಡಿಸಿದ ಚಿತ್ರದಲ್ಲಿ ಒಂದು ತೊಡಕಿತ್ತು. ಬಾವಲಿಯ ರೆಕ್ಕೆಯಂತಿದ್ದ ಅದರಲ್ಲಿ ಸಾವಿನ ದರಕ್ಕೆ ತಕ್ಕಂತೆ ಗೆರೆಯ ಉದ್ದ ಇಟ್ಟಿದ್ದರು. ಕಣ್ಣು ಉದ್ದ ನೋಡುವುದಿಲ್ಲ, ಬಣ್ಣ ತುಂಬಿದ ಜಾಗ ನೋಡುತ್ತದೆ. ಉದ್ದ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟಾಗುತ್ತದೆ. ದೊಡ್ಡ ಅಂಕಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇದು ಅವರ ವಾದಕ್ಕೆ ಅನುಕೂಲವೇ ಆಗಿತ್ತು. ಆದರೂ ಅವರು ಚಿತ್ರ ಬದಲಿಸಿದರು. ಹೊಸ ಚಿತ್ರದಲ್ಲಿ ಸಾವಿನ ದರಕ್ಕೆ ತಕ್ಕಂತೆ ದಳದ ವಿಸ್ತೀರ್ಣವನ್ನೇ ಇಟ್ಟರು. ತಮ್ಮ ಕಡೆಗೇ ವಾಲುವ ಉತ್ಪ್ರೇಕ್ಷೆಯನ್ನು ತಾವೇ ಕಿತ್ತು ಹಾಕುವುದು ಸಣ್ಣ ವಿಷಯವಲ್ಲ.

ಶಾಂತಿಕಾಲದ ಲೆಕ್ಕದಲ್ಲೂ ಅವರು ಇದೇ ಎಚ್ಚರ ತೋರಿದರು. ಯುದ್ಧವಿಲ್ಲದಾಗ ಬ್ರಿಟನ್ನಿನ ಬ್ಯಾರಕ್‌ಗಳಲ್ಲಿದ್ದ ಸೈನಿಕರ ಸಾವನ್ನು ಇಡೀ ದೇಶದ ಜನರ ಸಾವಿನ ಜೊತೆ ಹೋಲಿಸಲಿಲ್ಲ. ದೇಶದಲ್ಲಿ ಹಸುಗೂಸು, ಮುದುಕರೂ ಇರುತ್ತಾರೆ. 20ರಿಂದ 25 ವಯಸ್ಸಿನ ಸೈನಿಕರನ್ನು ಅದೇ ವಯಸ್ಸಿನ ಸಾಮಾನ್ಯ ಗಂಡಸರ ಜೊತೆ ಹೋಲಿಸಿದರು. ಸೈನಿಕರ ಸಾವು ಸುಮಾರು ಎರಡು ಪಟ್ಟಿತ್ತು. ವೈದ್ಯಕೀಯ ಪರೀಕ್ಷೆ ಮಾಡಿ ಗಟ್ಟಿಮುಟ್ಟಾದವರನ್ನೇ ಸೇನೆಗೆ ಆರಿಸುತ್ತಾರೆ, ಅವರು ಕಡಿಮೆ ಸಾಯಬೇಕಿತ್ತು. ಅವರು ಮಲಗುವ ಕೋಣೆಗಳೇ ಅವರನ್ನು ಕೊಲ್ಲುತ್ತಿದ್ದವು.

1850ರ ದಶಕದ ಕೊನೆಗೆ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಆ ಸಂಘಕ್ಕೆ ಸೇರಿದ ಮೊದಲ ಮಹಿಳೆ ಅವರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆಯೂ ಶುರುವಾಯಿತು.

ಶೇ. 90.84: ಅವರೇ ಎಡವಿದ ಜಾಗ

ಇಷ್ಟು ಎಚ್ಚರದ ಮನುಷ್ಯರೂ ಎಡವಬಹುದೇ? ಎಡವಿದರು.

1863ರಲ್ಲಿ ಆಸ್ಪತ್ರೆಗಳ ಬಗ್ಗೆ ತಾವು ಬರೆದ ಪುಸ್ತಕದ ಮೂರನೇ ಆವೃತ್ತಿಯಲ್ಲಿ ಅವರು ಫಾರ್ ಸಿದ್ಧಪಡಿಸಿದ ಒಂದು ಕೋಷ್ಟಕ ಸೇರಿಸಿದರು. ಇಂಗ್ಲೆಂಡಿನ 106 ಪ್ರಮುಖ ಆಸ್ಪತ್ರೆಗಳ ಸಾವಿನ ಲೆಕ್ಕ ಅದು. ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ. 90.84 ಎಂದು ಅದರಲ್ಲಿತ್ತು. ದೊಡ್ಡ ಊರುಗಳ 12 ಆಸ್ಪತ್ರೆಗಳಲ್ಲಿ ಶೇ. 83.16. ಜಿಲ್ಲೆಗಳ ಮತ್ತು ಇತರ ಊರುಗಳ 25 ಪ್ರಮುಖ ಆಸ್ಪತ್ರೆಗಳಲ್ಲಿ ಶೇ. 39.41.

ಇದನ್ನು ಓದಿದವರು ಏನಂದುಕೊಳ್ಳುತ್ತಾರೆ? ಲಂಡನ್ನಿನಲ್ಲಿ ಆಸ್ಪತ್ರೆ ಸೇರಿದ ನೂರರಲ್ಲಿ ತೊಂಬತ್ತು ಜನ ಹೆಣವಾಗಿ ಹೊರಬರುತ್ತಾರೆ ಎಂದು. ಹಾಗಾದರೆ ಕಾಯಿಲೆ ಬಿದ್ದವರು ಮನೆಯಲ್ಲೇ ಇರುವುದು ವಾಸಿ.

ಈಗ ಶಾಲೆಯ ಲೆಕ್ಕ ನೆನಪಿಸಿಕೊಳ್ಳಿ. ಭಿನ್ನರಾಶಿಯಲ್ಲಿ ಮೇಲಿನದು ಅಂಶ, ಕೆಳಗಿನದು ಛೇದ. ಲಂಡನ್ನಿನ ಲೆಕ್ಕದಲ್ಲಿ ಮೇಲಿದ್ದದ್ದು 3,828. ಅದು 1861ರ ಇಡೀ ವರ್ಷದ ಸಾವು. ಕೆಳಗಿದ್ದದ್ದು 4,214. ಅದು ವರ್ಷದಲ್ಲಿ ಬಂದ ರೋಗಿಗಳ ಸಂಖ್ಯೆಯಲ್ಲ. 1861ರ ಏಪ್ರಿಲ್‌ನಲ್ಲಿ, ಜನಗಣತಿಯ ಹೊತ್ತಿಗೆ, ಒಂದು ದಿನ ಹಾಸಿಗೆಯಲ್ಲಿ ಮಲಗಿದ್ದ ರೋಗಿಗಳ ಸಂಖ್ಯೆ. ಮೇಲೆ 365 ದಿನದ ಲೆಕ್ಕ, ಕೆಳಗೆ ಒಂದೇ ದಿನದ ಲೆಕ್ಕ.

ಇದರ ಪರಿಣಾಮ ನೋಡಲು ಎರಡು ಆಸ್ಪತ್ರೆಗಳನ್ನು ಊಹಿಸಿಕೊಳ್ಳೋಣ. ಎರಡರಲ್ಲೂ ನೂರು ಹಾಸಿಗೆ, ಯಾವಾಗಲೂ ಭರ್ತಿ. ನಗರದ ಆಸ್ಪತ್ರೆಯಲ್ಲಿ ರೋಗಿ ಸರಾಸರಿ 36 ದಿನ ಇರುತ್ತಾನೆ. ಹಾಗಾಗಿ ಒಂದು ಹಾಸಿಗೆಯಲ್ಲಿ ವರ್ಷಕ್ಕೆ ಸುಮಾರು ಹತ್ತು ರೋಗಿಗಳು, ಒಟ್ಟು ಸಾವಿರ. ಅವರಲ್ಲಿ 90 ಜನ ಸಾಯುತ್ತಾರೆ ಎನ್ನಿ. ಹಳ್ಳಿ ಕಡೆಯ ಆಸ್ಪತ್ರೆಯಲ್ಲಿ ರೋಗಿ 73 ದಿನ ಇರುತ್ತಾನೆ. ಹಾಸಿಗೆಗೆ ವರ್ಷಕ್ಕೆ ಐದು ರೋಗಿಗಳು, ಒಟ್ಟು 500. ಅವರಲ್ಲಿ 45 ಜನ ಸಾಯುತ್ತಾರೆ.

ರೋಗಿಯ ದೃಷ್ಟಿಯಿಂದ ಎರಡೂ ಒಂದೇ. ಒಳಗೆ ಹೋದ ನೂರರಲ್ಲಿ ಒಂಬತ್ತು ಜನ ಸಾಯುತ್ತಾರೆ. ಆದರೆ ಒಂದು ದಿನದ ಹಾಸಿಗೆ ಲೆಕ್ಕದಿಂದ ಭಾಗಿಸಿದರೆ ನಗರದ್ದು ಶೇ. 90, ಹಳ್ಳಿಯದ್ದು ಶೇ. 45. ಬೇಗ ಗುಣಪಡಿಸಿ ಹೆಚ್ಚು ಜನರನ್ನು ನೋಡಿದ ಆಸ್ಪತ್ರೆಯೇ ಎರಡು ಪಟ್ಟು ಕೊಲೆಗಡುಕನಂತೆ ಕಾಣುತ್ತದೆ. ಆ ಕಾಲದ ಲಂಡನ್ ಆಸ್ಪತ್ರೆಗಳಲ್ಲಿ ನಿಜವಾಗಿ ದಾಖಲಾದ ನೂರರಲ್ಲಿ ಸಾಯುತ್ತಿದ್ದವರು ಸುಮಾರು ಹತ್ತರ ಆಸುಪಾಸು.

ಸರ್ಕಾರದ ಪರವಾಗಿ ಆಸ್ಪತ್ರೆಗಳನ್ನು ಪರಿಶೀಲಿಸುತ್ತಿದ್ದ ವೈದ್ಯ ಜಾನ್ ಬ್ರಿಸ್ಟೋ ಮತ್ತು ಶಸ್ತ್ರಚಿಕಿತ್ಸಕ ಟಿಮೊಥಿ ಹೋಮ್ಸ್ ಈ ಕೋಷ್ಟಕವನ್ನು ಖಂಡಿಸಿದರು. 1864ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ದೊಡ್ಡ ಜಟಾಪಟಿ ನಡೆಯಿತು. ಛೇದ ತಪ್ಪು ಎನ್ನುವುದರ ಜೊತೆಗೆ ಇನ್ನೊಂದು ಆಕ್ಷೇಪವೂ ಇತ್ತು: ನಗರದ ದೊಡ್ಡ ಆಸ್ಪತ್ರೆಗಳಿಗೆ ಬರುವವರೇ ಹೆಚ್ಚು ಗಂಭೀರ ಸ್ಥಿತಿಯಲ್ಲಿರುತ್ತಾರೆ. ಇದು ನಮಗೆ ಹೊಸದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕೈಮೀರಿದ ಕೇಸನ್ನು ಜಿಲ್ಲಾಸ್ಪತ್ರೆಗೆ ಬರೆದು ಕಳಿಸುತ್ತಾರೆ. ಆಮೇಲೆ ಜಿಲ್ಲಾಸ್ಪತ್ರೆಯಲ್ಲಿ ಸಾವು ಹೆಚ್ಚು ಎಂದು ಯಾರಾದರೂ ಹೆಡ್‌ಲೈನ್ ಬರೆದರೆ ಅಂಕಿ ಸರಿ, ಅರ್ಥ ತಪ್ಪು.

ಫಾರ್ ತಮ್ಮ ಲೆಕ್ಕವನ್ನು ಸಮರ್ಥಿಸಿಕೊಂಡರು. ಊರಿನ ಸಾವಿನ ದರ ತೆಗೆಯುವಾಗ ಒಂದು ವರ್ಷದ ಸಾವನ್ನು ಅಲ್ಲಿರುವ ಜನಸಂಖ್ಯೆಯಿಂದಲೇ ಭಾಗಿಸುತ್ತೇವಲ್ಲ, ಇದೂ ಹಾಗೆಯೇ ಎಂಬುದು ಅವರ ತರ್ಕ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಸಾಯುವ ಸ್ಥಿತಿಯ ರೋಗಿಗಳನ್ನು ಬೇಗ ಮನೆಗೆ ಕಳಿಸುವ ಆಸ್ಪತ್ರೆ ದಾಖಲಾತಿ ಲೆಕ್ಕದಲ್ಲಿ ಒಳ್ಳೆಯದಾಗಿ ಕಂಡುಬಿಡುತ್ತದೆ. ಸೇನೆಯ ವಿಷಯದಲ್ಲಿ ವಾರ್ಷಿಕ ದರ ಚೆನ್ನಾಗಿ ಹೊಂದಿತ್ತು ಕೂಡ. ಸೈನಿಕ ತಿಂಗಳುಗಟ್ಟಲೆ ಅಲ್ಲೇ ಇರುತ್ತಾನೆ. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಇವತ್ತು ಒಬ್ಬ, ಮುಂದಿನ ತಿಂಗಳು ಇನ್ನೊಬ್ಬ. ಅಂಥ ಕಡೆ ಅದೇ ಲೆಕ್ಕಕ್ಕೆ ಶೇಕಡಾ ಎಂಬ ಹಣೆಪಟ್ಟಿ ಹಚ್ಚಿದರೆ ಸಾಮಾನ್ಯ ಓದುಗನಿಗೆ ತಪ್ಪು ಅರ್ಥವೇ ಆಗುವುದು.

ವಿಪರ್ಯಾಸ ಏನು ಗೊತ್ತೇ? ಸರಿಯಾದ ಲೆಕ್ಕದ ನಮೂನೆಯನ್ನು ನೈಟಿಂಗೇಲ್ ಅದಕ್ಕೂ ಮೊದಲೇ ರೂಪಿಸಿದ್ದರು. ವರ್ಷದ ಆರಂಭದಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ಜನ ಸೇರಿದರು, ಎಷ್ಟು ಜನ ಗುಣವಾದರು, ಎಷ್ಟು ಜನ ಸತ್ತರು, ಸರಾಸರಿ ಎಷ್ಟು ದಿನ ಇದ್ದರು ಎಂದು ಎಲ್ಲ ಆಸ್ಪತ್ರೆಗಳೂ ಒಂದೇ ರೀತಿ ತುಂಬಬೇಕಾದ ಫಾರಂ ಅದು. 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಅದನ್ನು ಇಟ್ಟಿದ್ದರು. ಕೆಲವು ಆಸ್ಪತ್ರೆಗಳು ಪ್ರಯತ್ನಿಸಿದವು, ಆದರೆ ಅದು ಎಲ್ಲೆಡೆ ನೆಲೆಯೂರಲಿಲ್ಲ. ತಮ್ಮದೇ ಫಾರಂನ ಕಣ್ಣಿನಿಂದ ಆ ಕೋಷ್ಟಕವನ್ನು ನೋಡಿದ್ದರೆ ಶೇ. 90.84 ಅಚ್ಚಾಗುತ್ತಿರಲಿಲ್ಲ. ತುಂಬಿ ತುಳುಕುವ ನಗರದ ಆಸ್ಪತ್ರೆಗಳು ಅಪಾಯಕಾರಿ ಎಂದು ಅವರು ಆಗಲೇ ನಂಬಿದ್ದರು. ಆ ನಂಬಿಕೆಯಲ್ಲಿ ಸತ್ಯವೂ ಇತ್ತು. ನಮ್ಮ ನಂಬಿಕೆಗೆ ಹೊಂದುವ ಅಂಕಿ ಸಿಕ್ಕಾಗ ಕೆಳಗಿನ ಸಂಖ್ಯೆಯನ್ನು ಯಾರು ನೋಡುತ್ತಾರೆ?

ಭಾರತದ ಲೆಕ್ಕ, ಎಣಿಸದವರ ಲೆಕ್ಕ

ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಆದರೂ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಆರೋಗ್ಯದ ಬಗ್ಗೆ 1859ರಲ್ಲಿ ನೇಮಕವಾದ ಆಯೋಗದ ಹಿಂದೆ ಅವರ ಕೈಯಿತ್ತು. ಹಾಸಿಗೆಯಲ್ಲಿದ್ದುಕೊಂಡೇ ಇಲ್ಲಿನ ದಂಡುಗಳಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳ ರಾಶಿಯನ್ನು ಬಿಡಿಸಿದರು. 1863ರ ವರದಿಯ ಪ್ರಕಾರ ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರು. ಹತ್ತು ವರ್ಷದ ನಂತರ ಅದು 18ಕ್ಕೆ ಇಳಿದಿದೆ ಎಂದು ಅವರು ವರದಿ ಮಾಡಿದರು.

ಆದರೆ ಈ ಛೇದದಲ್ಲಿ ಯಾರಿದ್ದರು? ಬ್ರಿಟಿಷ್ ಸೈನಿಕರು ಮಾತ್ರ. ದಂಡಿನ ಬೇಲಿಯ ಆಚೆಗಿನ ಹಳ್ಳಿಯಲ್ಲಿ ಎಷ್ಟು ಜನ ಸತ್ತರು ಎಂಬುದು ಸರಿಯಾಗಿ ದಾಖಲಾಗುತ್ತಲೇ ಇರಲಿಲ್ಲ. ವರ್ಷಗಳು ಕಳೆದಂತೆ ನೈಟಿಂಗೇಲ್ ಗಮನ ಅತ್ತ ಹೊರಳಿತು. ಹಳ್ಳಿಯ ನೈರ್ಮಲ್ಯ, ನೀರಾವರಿ, ರೈತರ ಸಾಲದ ಬಗ್ಗೆ ಬರೆದರು. 1876ರಿಂದ 1878ರವರೆಗೆ ಮದ್ರಾಸ್, ಮೈಸೂರು, ಮುಂಬೈ ಪ್ರಾಂತ್ಯಗಳನ್ನು ಸುಟ್ಟ ಕ್ಷಾಮದ ಬಗ್ಗೆ ಬ್ರಿಟಿಷ್ ಓದುಗರಿಗೆ ಬರೆದವರಲ್ಲಿ ಅವರೂ ಒಬ್ಬರು. ನಮ್ಮ ಕಡೆ ಹಿರಿಯರು ಧಾತು ಸಂವತ್ಸರದ ಬರ ಎಂದು ನೆನೆಯುವ ಕ್ಷಾಮ ಅದು. ಕ್ಷಾಮದಲ್ಲಿ ಸತ್ತವರ ಸಂಖ್ಯೆ ಇಂದಿಗೂ ಅಂದಾಜಿನದೇ. ಎಣಿಸದ ಸಾವು ಅಂಕಿಯಲ್ಲಿ ಕಾಣುವುದಿಲ್ಲ.

ಕೊನೆಯ ವರ್ಷಗಳು

1891ರಲ್ಲಿ, 70 ದಾಟಿದ ಮೇಲೆ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಂಕಿಅಂಶ ಬಳಸುವುದನ್ನು ಕಲಿಸುವ ಪ್ರಾಧ್ಯಾಪಕ ಹುದ್ದೆ ಸ್ಥಾಪಿಸಲು ಅವರು ಓಡಾಟದ ಪತ್ರಗಳನ್ನು ಬರೆದರು. ಆಡಳಿತ ನಡೆಸುವವರಿಗೆ ಅಂಕಿ ಓದಲು ಬರುವುದಿಲ್ಲ ಎಂಬುದು ಅವರ ಜೀವಮಾನದ ಕೊರಗು. ಆ ಹುದ್ದೆ ಆಗಲಿಲ್ಲ. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ರಾಜರನ್ನು ಹೂಳಿದ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಜಾಗ ಕೊಡುತ್ತೇವೆಂದರೂ ಮನೆಯವರು ಬೇಡವೆಂದರು. ಹಳ್ಳಿಯ ಚರ್ಚಿನ ಅಂಗಳದಲ್ಲಿ ಮನೆಯವರ ಪಕ್ಕದಲ್ಲೇ ಮಣ್ಣು ಮಾಡಿದರು.

ಮುಂದಿನ ಅಂಕಿ ಬಂದಾಗ

ಹಾಗಾದರೆ ಯಾವ ಅಂಕಿಯನ್ನೂ ನಂಬಬಾರದೇ? ಹಾಗಲ್ಲ. ಸೇನೆಯ ಅಂಕಿಗಳನ್ನು ಯಾರೂ ಬಿಡಿಸದೆ ಹೋಗಿದ್ದರೆ ಸೈನಿಕರು ಶತ್ರುವಿನ ಗುಂಡಿಗೇ ಸತ್ತರು ಎಂಬ ನಂಬಿಕೆ ಉಳಿದುಬಿಡುತ್ತಿತ್ತು. ಅಂಕಿ ಬೇಡ ಎನ್ನುವುದು ಅನುಮಾನವಲ್ಲ, ಸೋಮಾರಿತನ. ನೈಟಿಂಗೇಲ್ ಅವರ ಗೆಲುವು ಮತ್ತು ಎಡವು ಎರಡರಿಂದಲೂ ನಾವು ಐದು ಪ್ರಶ್ನೆ ತೆಗೆದಿದ್ದೇವೆ. ಶೇರ್ ಮಾಡುವ ಮೊದಲು ಅರ್ಧ ನಿಮಿಷ ಸಾಕು.

1. ಯಾವುದರಿಂದ ಭಾಗಿಸಿದ್ದಾರೆ? ನೂರರಲ್ಲಿ ತೊಂಬತ್ತು ಎಂದರೆ, ಆ ನೂರು ಯಾರು?
2. ಯಾವ ಅವಧಿಯದ್ದು? ದಿನದ್ದೋ, ತಿಂಗಳಿನದ್ದೋ, ವರ್ಷಕ್ಕೆ ಹಿಗ್ಗಿಸಿದ್ದೋ?
3. ಯಾರ ಜೊತೆ ಹೋಲಿಕೆ? ಇಬ್ಬರೂ ಒಂದೇ ವಯಸ್ಸು, ಒಂದೇ ಸ್ಥಿತಿಯವರೇ?
4. ಮೊದಲು ಮತ್ತು ನಂತರದ ನಡುವೆ ಬೇರೆ ಏನು ಬದಲಾಯಿತು?
5. ಯಾರನ್ನು ಎಣಿಸಿಲ್ಲ?

ಇವಕ್ಕೆ ಸುದ್ದಿಯಲ್ಲೇ ಉತ್ತರ ಸಿಕ್ಕರೆ ಒಳ್ಳೆಯ ಸುದ್ದಿ. ಸಿಗದಿದ್ದರೆ ಸುಳ್ಳು ಎಂದು ತೀರ್ಮಾನಿಸಬೇಕಿಲ್ಲ, ಉತ್ತರ ಸಿಗುವವರೆಗೆ ಕಾಯಿರಿ. ಆರನೆಯ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ಈ ಅಂಕಿ ನನಗೆ ಇಷ್ಟವಾಗಿದ್ದು ಅದು ನಾನು ಮೊದಲೇ ನಂಬಿದ್ದನ್ನು ಹೇಳುತ್ತದೆ ಎಂದೇ?

ಮುಂದಿನ ಮೇ 12ರಂದು ಆ ಚಿತ್ರ ಮತ್ತೆ ಬರುತ್ತದೆ. ದಾದಿಯರಿಗೆ ಶುಭಾಶಯ ಖಂಡಿತ ಕಳಿಸಿ. ಶೇ. 42ರಿಂದ ಶೇ. 2 ಎಂಬ ಸಾಲಿನ ಕೆಳಗೆ ಮಾತ್ರ ಇನ್ನೊಂದು ಸಾಲು ಸೇರಿಸಿ: ಚರಂಡಿ ತೊಳೆಸಿದವರಿಗೂ ಇದರಲ್ಲಿ ಪಾಲಿದೆ, ಅದನ್ನು ಲೆಕ್ಕ ಹಾಕಿ ಜಗತ್ತಿಗೆ ತೋರಿಸಿದವರು ನೈಟಿಂಗೇಲ್.